ಬೇಸಿಗೆ ರಜೆಯಲ್ಲಿ 6 ಮತ್ತು 11 ವರ್ಷದ ಮಕ್ಕಳ ಆಟ: ಎಷ್ಟು ಹೊತ್ತು, ಯಾವಾಗ, ಹೇಗೆ?

ಅಂಗಳ (ಪ್ರಶ್ನೆ)

ಮಗಳಿಗೆ 6, ಮಗನಿಗೆ 11. ರಜೆ ಬಂದ ಮೇಲೆ ಇಬ್ಬರೂ ಒಂಬತ್ತರ ತನಕ ಏಳುವುದಿಲ್ಲ. ಅಷ್ಟೊತ್ತಿಗೆ ಬಿಸಿಲು ಏರಿರುತ್ತದೆ, ಮತ್ತೆ ಟಿವಿ, ಮೊಬೈಲು. ಸಂಜೆ ಹೊರಗೆ ಹೊರಡಿ ಅಂದರೆ ಸುಸ್ತು ಅನ್ನುತ್ತಾರೆ. ಇಡೀ ದಿನ ಕೂತಿದ್ದವರಿಗೆ ಸುಸ್ತು ಯಾಕೆ ಅನ್ನುವುದೇ ಅರ್ಥವಾಗುತ್ತಿಲ್ಲ.

ಇರುವ ಜಾಗ: ಮನೆ ಮುಂದೆ 10 ಅಡಿ ಅಗಲ, 30 ಅಡಿ ಉದ್ದದ ಅಂಗಳ, ಮೇಲೆ ಕಾಂಕ್ರೀಟ್ ತಾರಸಿ. ಮೈದಾನಕ್ಕೆ ಹತ್ತು ನಿಮಿಷದ ನಡಿಗೆ.

ದಿನಕ್ಕೆ ನಿಜಕ್ಕೂ ಎಷ್ಟು ಹೊತ್ತು ಆಡಬೇಕು? ಮಗ ಮೈದಾನ ಒಂದು ಸುತ್ತು ಓಡಿದರೆ ಏದುಸಿರು ಬಿಟ್ಟು ಕೂತುಬಿಡುತ್ತಾನೆ, ಅವನಿಗೆ ಎಲ್ಲಿಂದ ಶುರು ಮಾಡಿಸುವುದು? ದಂಡ, ಬಸ್ಕಿ ಹೊಡೆಸಿದರೆ ಎತ್ತರ ಬೆಳೆಯುವುದು ನಿಂತುಹೋಗುತ್ತದೆ ಅಂತ ಮನೆಯ ಹಿರಿಯರು ಹೇಳುತ್ತಾರೆ, ಹೌದೇ? ತಾರಸಿ ಮೇಲೆ ಸ್ಕಿಪ್ಪಿಂಗ್ ಮಾಡಿಸಬಹುದೇ? ಈಜು ಕ್ಲಾಸಿಗೆ ದಿನಾ ಒಂದು ಗಂಟೆ ಕಳಿಸಿದರೆ ಬೇರೆ ಏನೂ ಬೇಡವೇ?

ಪಿ.ಟಿ. ಮೇಷ್ಟ್ರು

ಮೊದಲು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ ಕನಿಷ್ಠ 60 ನಿಮಿಷ ಅನ್ನುತ್ತದೆ. ಸುಮ್ಮನೆ ಅಡ್ಡಾಡಿದ್ದು ಇದಕ್ಕೆ ಸೇರುವುದಿಲ್ಲ, ಉಸಿರು ಏರುವ ಚಟುವಟಿಕೆ ಆಗಬೇಕು. ವಾರಕ್ಕೆ 3 ದಿನವಾದರೂ ಅದು ಜೋರಾಗಿರಬೇಕು, ಸ್ನಾಯು ಮತ್ತು ಮೂಳೆಗೆ ಕೆಲಸ ಕೊಡುವಂಥದ್ದೂ ಇರಬೇಕು. ಸರಾಸರಿ ಅನ್ನುವ ಮಾತನ್ನು ಮರೆಯಬೇಡಿ. ಇವತ್ತು 40 ನಿಮಿಷ ಆಯಿತು, ನಾಳೆ 80 ಆಗಬಹುದು. ಒಂದೇ ಏಟಿಗೆ ಮುಗಿಸಬೇಕೆಂದೂ ಇಲ್ಲ, ಹತ್ತು ಹತ್ತು ನಿಮಿಷದ ತುಂಡುಗಳಾದರೂ ಸರಿ.

ಯಾವುದು ಸಾಧಾರಣ, ಯಾವುದು ಜೋರು ಅಂತ ನೋಡಲು ವಾಚು ಬೇಡ. ಮಗು ಮಾತಾಡಬಲ್ಲದು, ಆದರೆ ಹಾಡು ಹೇಳಲಾಗದು ಅಂದರೆ ಸಾಧಾರಣ. ನಾಲ್ಕು ಮಾತಿಗೊಮ್ಮೆ ಉಸಿರಿಗೆ ನಿಲ್ಲುತ್ತದೆ ಅಂದರೆ ಜೋರು.

ಇನ್ನು ಸುಸ್ತು. ಶಾಲೆಯ ದಿನಗಳಲ್ಲಿ ಏಳುವ ಹೊತ್ತು, ಮನೆಯಿಂದ ಹೊರಡುವುದು, ಆಟದ ಬಿಡುವು, ಜೊತೆಗಾರರು ಎಲ್ಲವೂ ತಾನಾಗಿಯೇ ಒದಗುತ್ತವೆ. ರಜೆಯಲ್ಲಿ ಈ ಚೌಕಟ್ಟೇ ಕಳಚಿಬೀಳುತ್ತದೆ. ತಡವಾಗಿ ಮಲಗಿ ತಡವಾಗಿ ಎದ್ದ ಮೈ ಸಂಜೆಯವರೆಗೂ ಮಂಕಾಗಿರುತ್ತದೆ. ಹಾಗಾಗಿ ವ್ಯಾಯಾಮದ ಪಟ್ಟಿ ಬರೆಯುವ ಮೊದಲು ಏಳುವ ಹೊತ್ತನ್ನು ಸರಿಮಾಡಿ. ದಿನಕ್ಕೆ 20 ನಿಮಿಷದಂತೆ ಹಿಂದಕ್ಕೆ ತಂದರೆ ಒಂಬತ್ತು ಗಂಟೆಯಿಂದ 6.40ಕ್ಕೆ ಬರಲು 7 ದಿನ ಸಾಕು. ಎದ್ದ ತಕ್ಷಣ ಪರದೆ ಸರಿಸಿ ಬೆಳಕು ಬಿಡಿ, ಹಲ್ಲುಜ್ಜಿದ ಮೇಲೆ ಹೊರಗೆ ಕರೆದುಕೊಂಡು ಹೋಗಿ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಅಂದರೆ 6.40ಕ್ಕೆ ಏಳುವ ಮಗ ಒಂಬತ್ತರ ಹೊತ್ತಿಗೆ, ಮಗಳು ಅದಕ್ಕಿಂತ ಮುಂಚೆ ಮಲಗಿರಬೇಕು. ಬಹಳ ಮನೆಗಳಲ್ಲಿ ಕೆಡುವುದು ಇಲ್ಲೇ. ಮೊದಲ ದಿನವೇ ಆರಕ್ಕೆ ಎಬ್ಬಿಸುತ್ತಾರೆ, ಮಗು ಮಧ್ಯಾಹ್ನ ಎರಡು ಗಂಟೆ ನಿದ್ದೆ ಹೊಡೆಯುತ್ತದೆ, ರಾತ್ರಿ ಮತ್ತೆ ಹನ್ನೊಂದಾಗುತ್ತದೆ.

ಆರು ವರ್ಷದವಳಿಗೆ "ಇಪ್ಪತ್ತು ನಿಮಿಷ ಓಡು" ಅನ್ನಬೇಡಿ. ಆ ವಯಸ್ಸಿನವರು ಹತ್ತು ಸೆಕೆಂಡ್ ಬಾಣದಂತೆ ಓಡುತ್ತಾರೆ, ನಿಲ್ಲುತ್ತಾರೆ, ಮತ್ತೆ ಓಡುತ್ತಾರೆ. ಅವರ ಮೈಗೆ ಒಗ್ಗುವ ರೀತಿಯೇ ಅದು. ಮುಟ್ಟಾಟ, ಕುಂಟೆಬಿಲ್ಲೆ, ಚೆಂಡಿನ ಹಿಂದೆ ಓಟ ಸಾಕು.

ನಿಮ್ಮ ಅಂಗಳಕ್ಕೆ ಹೊಂದುವ ಒಂದು ಆಟ ಹೇಳುತ್ತೇನೆ. ಹಳೇ ಕಾಲುಚೀಲಗಳನ್ನು ಸುತ್ತಿ 5 ಉಂಡೆ ಮಾಡಿಕೊಳ್ಳಿ. ಒಂದು ತುದಿಯಲ್ಲಿ ಬಕೆಟ್, ಅದರ ಪಕ್ಕ ಸೀಮೆಸುಣ್ಣದ ಗೆರೆ. ಮಗನ ಉಂಡೆಗಳು 7 ಮೀಟರ್ ದೂರದಲ್ಲಿ, ಮಗಳದ್ದು 4 ಮೀಟರ್ ದೂರದಲ್ಲಿ. ಒಂದು ಸಲಕ್ಕೆ ಒಂದೇ ಉಂಡೆ ತರಬೇಕು, ಎಸೆಯುವ ಹಾಗಿಲ್ಲ, ಬಗ್ಗಿ ಬಕೆಟ್ಟಿಗೆ ಹಾಕಬೇಕು. ಮಗನಿಗೆ ಒಂದು ಸರದಿಗೆ 70 ಮೀಟರ್ ಓಟ, ಒಂಬತ್ತು ತಿರುವು, ಹತ್ತು ಸಲ ಬಗ್ಗುವುದು ಸಿಗುತ್ತದೆ. ಒಬ್ಬರು ಓಡುವಾಗ ಇನ್ನೊಬ್ಬರು ಸಮಯ ಎಣಿಸುತ್ತಾರೆ, ಅದೇ ಅವರ ವಿಶ್ರಾಂತಿ. ತಲಾ 6 ಸರದಿ ಆಡಿ. ಕೊನೆಯ ಉಂಡೆಯಿಂದ ಗೋಡೆಗೆ 2 ಮೀಟರ್ ಜಾಗ ಇರಲೇಬೇಕು, ಮಕ್ಕಳಿಗೆ ಓಟದ ಭರದಲ್ಲಿ ನಿಲ್ಲಲು ಬರುವುದಿಲ್ಲ. ಅಣ್ಣ ತಂಗಿಯರ ಸಮಯವನ್ನು ಹೋಲಿಸಬೇಡಿ. ಪ್ರತಿಯೊಬ್ಬರೂ ತಮ್ಮ ನಿನ್ನೆಯ ಸಮಯವನ್ನು ಸೋಲಿಸಲಿ. ಸದಾ ಸೋಲುವ ಮಗು ಮೂರನೇ ದಿನ ಆಟ ಬಿಡುತ್ತದೆ.

ಮಕ್ಕಳ ಫಿಸಿಯೊ

ದಂಡ, ಬಸ್ಕಿಯಿಂದ ಎತ್ತರ ನಿಲ್ಲುವುದಿಲ್ಲ. ಈ ಭಯಕ್ಕೆ ಮೂಲ ಇದು: ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪದರ ಇರುತ್ತದೆ. ಅದಕ್ಕೆ ಪೆಟ್ಟಾಗುವುದು ಬಿದ್ದಾಗ, ಡಿಕ್ಕಿಯಾದಾಗ, ಅಥವಾ ಹೇಳಿಕೊಡುವವರಿಲ್ಲದೆ ಶಕ್ತಿ ಮೀರಿ ಭಾರ ಎತ್ತಿದಾಗ. ತನ್ನದೇ ಮೈಭಾರದಲ್ಲಿ ಸರಿಯಾಗಿ ಮಾಡುವ ವ್ಯಾಯಾಮ ಮೂಳೆಯನ್ನು ಗಟ್ಟಿ ಮಾಡುತ್ತದೆ.

ಮಗನಿಗೆ ವಾರಕ್ಕೆ 3 ದಿನ, ದಿನ ಬಿಟ್ಟು ದಿನ ಇಷ್ಟು ಸಾಕು. ಗೋಡೆಗೆ ಕೈಕೊಟ್ಟು ದಂಡ 8 ಸಲ, ಸ್ಟೂಲಿನ ಮೇಲೆ ಕೂತು ಏಳುವ ಬಸ್ಕಿ 8 ಸಲ, ಮೊಣಕೈ ಮತ್ತು ಕಾಲ್ಬೆರಳ ತುದಿಯ ಮೇಲೆ ಮೈ ನೆಟ್ಟಗೆ ಹಿಡಿಯುವುದು 15 ಸೆಕೆಂಡ್. ಇದನ್ನೇ ಎರಡು ಸುತ್ತು. ಗೋಡೆಯ ದಂಡ ಸುಲಭವಾದಾಗ ಅಲುಗಾಡದ ಮೇಜಿನ ಅಂಚಿಗೆ ಬನ್ನಿ, ಆಮೇಲೆ ನೆಲಕ್ಕೆ. "ಇನ್ನೂ ಎರಡು ಮಾಡಬಲ್ಲೆ" ಅನ್ನಿಸುವಾಗಲೇ ನಿಲ್ಲಿಸಬೇಕು. ಸೊಂಟ ಕುಸಿದರೆ, ಬಸ್ಕಿಯಲ್ಲಿ ಮಂಡಿಗಳು ಒಳಕ್ಕೆ ವಾಲಿದರೆ ಎಣಿಕೆ ಅಲ್ಲಿಗೇ ಮುಗಿಯಿತು.

ಏದುಸಿರಿನ ವಿಷಯಕ್ಕೆ ಬಂದರೆ, ಸಾಮಾನ್ಯವಾಗಿ ತೊಂದರೆ ವೇಗದ್ದು. ಮಕ್ಕಳಿಗೆ "ಓಡು" ಅಂದರೆ ಪೂರ್ತಿ ಜೋರಿನ ಓಟ ಅಂತಲೇ ಅರ್ಥ. 3 ನಿಮಿಷ ಬಿರುಸು ನಡಿಗೆ, ನಂತರ 30 ಸೆಕೆಂಡ್ ಓಟ, 60 ಸೆಕೆಂಡ್ ನಡಿಗೆ. ಈ ಜೋಡಿ 8 ಸಲ, ಕೊನೆಗೆ 3 ನಿಮಿಷ ನಿಧಾನ ನಡಿಗೆ. ಒಟ್ಟು 18 ನಿಮಿಷ. ವಾರಕ್ಕೆ ಮೂರು ದಿನ. ಮೊದಲ ಎರಡು ಓಟದಲ್ಲಿ ನೀವೂ ಪಕ್ಕದಲ್ಲಿರಿ, ಅವನು ಮಾತಾಡುತ್ತಲೇ ಓಡಲಿ. ಮಾತು ತುಂಡಾದರೆ ವೇಗ ಇಳಿಸಿ. ಎರಡು ವಾರದ ಮೇಲೆ ಓಟ 45 ಸೆಕೆಂಡ್, ಮತ್ತೆರಡು ವಾರಕ್ಕೆ 60. ನಡಿಗೆಯ ಬಿಡುವನ್ನು ಮೊಟಕು ಮಾಡುವ ಆತುರ ಬೇಡ.

ಓಟ ನಿಲ್ಲಿಸಿದ ಮೇಲೂ ಕೆಮ್ಮು, ಎದೆಯಲ್ಲಿ ಸುಂಯ್ ಸದ್ದು ಬಂದರೆ ಅದು ದೇಹ ಪಳಗದ್ದರಿಂದಲ್ಲ, ಶ್ವಾಸನಾಳ ಬಿಗಿಯುವುದರಿಂದ ಇರಬಹುದು, ವೈದ್ಯರಿಗೆ ತೋರಿಸಿ. ಆಡುವಾಗ ಎದೆನೋವು ಬಂದರೆ ಅಥವಾ ತಲೆಸುತ್ತಿ ಬಿದ್ದರೆ ವೈದ್ಯರು ನೋಡುವ ತನಕ ಓಟವೇ ಬೇಡ.

ಸ್ಕಿಪ್ಪಿಂಗ್ ಒಳ್ಳೆಯದು, ಆದರೆ ಹಗ್ಗದ ಅಳತೆ ತಪ್ಪಿದರೆ ಮಗುವಿಗೆ ಬರುವುದೇ ಇಲ್ಲ. ಹಗ್ಗದ ನಡುಮಧ್ಯೆ ಒಂದು ಪಾದ ಇಟ್ಟು ಎರಡೂ ಕಡೆ ಮೇಲಕ್ಕೆ ಎಳೆಯಿರಿ, ಹಿಡಿಯ ತುದಿ ಕಂಕುಳ ಮಟ್ಟಕ್ಕೆ ಬರಬೇಕು. ಉದ್ದ ಹೆಚ್ಚಾದರೆ ಮಗು ಕೈಗಳನ್ನು ರೆಕ್ಕೆಯಂತೆ ಅಗಲಿಸುತ್ತದೆ, ಆಗ ಹಗ್ಗ ಮೇಲೆದ್ದು ಕಾಲಿಗೆ ಸಿಕ್ಕುತ್ತದೆ. ಗಿಡ್ಡವಾದರೆ ತಲೆಗೆ ತಾಗುತ್ತದೆ, ಮಗು ಮಂಡಿ ಮಡಚಿ ಎತ್ತರಕ್ಕೆ ಹಾರುತ್ತದೆ. ಹಿಡಿಯೊಳಗೆ ಗಂಟು ಹಾಕಿ ಗಿಡ್ಡ ಮಾಡಿ, ಉಳಿದ ತುಂಡನ್ನು ಒಂದು ವಾರ ಕತ್ತರಿಸಬೇಡಿ. ತೆಳ್ಳನೆಯ ತಂತಿಯಂಥ ಹಗ್ಗ ಕಲಿಯುವವರಿಗೆ ಆಗದು, ಕಾಲಿಗೆ ಬಡಿದರೆ ಚುರ್ ಅನ್ನುತ್ತದೆ. ಸ್ವಲ್ಪ ತೂಕವಿರುವ, ನೆಲಕ್ಕೆ ಬಡಿದಾಗ ಸದ್ದು ಕೇಳುವ ಹಗ್ಗ ಕೊಡಿ.

ಮಗಳಿಗೆ ಮೊದಲು ಎರಡೂ ಹಿಡಿಗಳನ್ನು ಒಂದೇ ಕೈಯಲ್ಲಿ ಕೊಟ್ಟು ಹಗ್ಗವನ್ನು ಪಕ್ಕದಲ್ಲೇ ತಿರುಗಿಸಲು ಹೇಳಿ. ಹಗ್ಗ ನೆಲಕ್ಕೆ ಟಪ್ ಅನ್ನುವ ಹೊತ್ತಿಗೆ ಸರಿಯಾಗಿ ಹಾರಲಿ. ಆ ಲಯ ಬಂದ ಮೇಲೆ ಹಗ್ಗ ದಾಟುವುದು ಸುಲಭ.

ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ಬೇಡ. ಬೂಟು ಹಾಕಿ ಕೆಳಗೆ ತೆಳುವಾದ ರಬ್ಬರ್ ಚಾಪೆ ಹಾಸಿ. ದಪ್ಪ ಹಾಸಿಗೆ ಕೂಡದು, ಪಾದ ಹೊರಳುತ್ತದೆ. ಹಾರುವ ಎತ್ತರ 2-3 ಸೆಂ.ಮೀ. ಸಾಕು. ಇಳಿಯುವುದು ಮುಂಗಾಲಿನ ಮೇಲೆ, ಮಂಡಿ ತುಸು ಸಡಿಲ. ಕಿವಿಯಿಂದಲೇ ಪರೀಕ್ಷಿಸಬಹುದು: ಹಗ್ಗದ ಸದ್ದಿಗಿಂತ ಪಾದದ ಧಪ್ ಧಪ್ ಜೋರಾಗಿ ಕೇಳಿದರೆ ಹಿಮ್ಮಡಿಯ ಮೇಲೆ ಇಳಿಯುತ್ತಿದ್ದಾನೆ ಅಂತ. ಮೊದಲ ವಾರ 20 ಸೆಕೆಂಡ್ ಹಾರಿ 40 ಸೆಕೆಂಡ್ ಬಿಡುವು, ಹೀಗೆ 6 ಸಲ, ದಿನ ಬಿಟ್ಟು ದಿನ. ಮೊದಲ ದಿನವೇ 500 ಎಣಿಸಿದವರಿಗೆ ಮೂರನೇ ದಿನ ಮಂಡಿಯ ಕೆಳಗೆ ಕಾಲಿನ ಮುಂಭಾಗ ನೋಯುತ್ತದೆ.

ಹೆಜ್ಜೆಲೆಕ್ಕ

ಕೈಗೆ ಹೆಜ್ಜೆ ಎಣಿಸುವ ವಾಚು ಕಟ್ಟಿ ದಿನಕ್ಕೆ 10,000 ಅಂತ ಗುರಿ ಕೊಟ್ಟರೆ ಆಯಿತಲ್ಲ?

ಪಿ.ಟಿ. ಮೇಷ್ಟ್ರು

ಆ ಸಂಖ್ಯೆಯ ಹುಟ್ಟು ವೈದ್ಯಕೀಯದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣದ ಹೆಸರು ಮಾನ್‌ಪೊಕೆ, ಅಂದರೆ "ಹತ್ತು ಸಾವಿರ ಹೆಜ್ಜೆಯ ಮಾಪಕ". ಮಕ್ಕಳನ್ನು ನೋಡಿ ಇಟ್ಟ ಗುರಿ ಅದಲ್ಲ. ಸೈಕಲ್, ಮರ ಹತ್ತುವುದು, ಜೋತಾಡುವುದು ಯಾವುದೂ ಅದರ ಲೆಕ್ಕಕ್ಕೆ ಸರಿಯಾಗಿ ಬರುವುದಿಲ್ಲ. ಮಕ್ಕಳು ಕೂತಲ್ಲೇ ಕೈ ಅಲ್ಲಾಡಿಸಿ ಸಂಖ್ಯೆ ಏರಿಸುವುದನ್ನೂ ಬೇಗ ಕಲಿಯುತ್ತಾರೆ. ನಿಮಿಷ ಎಣಿಸಿ, ಉಸಿರು ನೋಡಿ.

ಈಜು ಕಲಿಸುವವರು

ಒಂದು ಗಂಟೆಯ ಕ್ಲಾಸ್ ಅಂದರೆ ಒಂದು ಗಂಟೆಯ ಈಜು ಅಂದುಕೊಳ್ಳಬೇಡಿ. ಹದಿನೈದು ಮಕ್ಕಳಿಗೆ ಒಬ್ಬರೇ ಕಲಿಸುವಲ್ಲಿ ನಿಮ್ಮ ಮಗು ಹೆಚ್ಚು ಹೊತ್ತು ಅಂಚಿನ ಸರಳು ಹಿಡಿದು ಸರದಿ ಕಾಯುತ್ತದೆ. ಸೇರಿಸುವ ಮೊದಲು ಒಂದು ದಿನ ದಡದಲ್ಲಿ ಕೂತು, ಒಂದೇ ಮಗುವನ್ನು ಗುರುತಿಟ್ಟುಕೊಂಡು, ಅದು ಎಷ್ಟು ನಿಮಿಷ ನಿಜವಾಗಿ ಕೈಕಾಲು ಆಡಿಸಿತು ಅಂತ ಎಣಿಸಿ. ಇಪ್ಪತ್ತು ನಿಮಿಷ ಬಂದರೆ ಆ ದಿನದ ಅರವತ್ತರಲ್ಲಿ ಇಪ್ಪತ್ತು ಮಾತ್ರ ಆಯಿತು. ಇನ್ನೊಂದು ಮಾತು: ನೀರು ಮೈಭಾರ ಹೊರುವುದರಿಂದ ಮೂಳೆಗೆ ಬೇಕಾದ ಕುಪ್ಪಳಿಕೆಯ ಕೆಲಸ ಈಜಿನಲ್ಲಿ ಕಡಿಮೆ. ಆದ್ದರಿಂದ ಓಟ, ಹಾರಾಟವೂ ಇರಲಿ.

ಕಲಿಕೆಯ ಕ್ರಮ ಕೇಳಿ ತಿಳಿದುಕೊಳ್ಳಿ. ಮೊದಲು ನೀರೊಳಗೆ ಬಾಯಿಂದ ಗುಳ್ಳೆ ಬಿಡುವುದು, ಆಮೇಲೆ ತೇಲುವುದು, ಬೋರಲಿಂದ ಅಂಗಾತ ತಿರುಗುವುದು, ಗೋಡೆ ತಲುಪಿ ತಾನೇ ಮೇಲೆ ಹತ್ತುವುದು. ಕೈ ಬಡಿಯುವುದು ಇವೆಲ್ಲ ಬಂದ ಮೇಲೆ. ಉಸಿರು ಬಿಡಲು ಕಲಿಸದೆ ಕೈ ಬಡಿಯಲು ಕಲಿಸಿದರೆ ಮಗು ಉಸಿರು ಕಟ್ಟಿಕೊಂಡೇ ಐದು ಮೀಟರ್ ಹೋಗಿ ಗಾಬರಿಯಾಗುತ್ತದೆ.

ರಜೆಯ ಕ್ಲಾಸ್ ಮುಗಿದ ಮಾತ್ರಕ್ಕೆ ಮಗು ನೀರಿನಲ್ಲಿ ಸುರಕ್ಷಿತ ಅಲ್ಲ. ಮಗಳು ನೀರಲ್ಲಿದ್ದಾಗ ದೊಡ್ಡವರೊಬ್ಬರು ಕೈಗೆ ಎಟಕುವಷ್ಟು ಹತ್ತಿರ ಇರಬೇಕು, ಅವರ ಕೈಯಲ್ಲಿ ಮೊಬೈಲ್ ಇರಬಾರದು. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಸದ್ದಿಲ್ಲದೆ ಹೋಗುತ್ತದೆ. ತೋಳಿಗೆ ಹಾಕುವ ಗಾಳಿಪಟ್ಟಿ ಆಟಿಕೆಯಷ್ಟೇ, ಅದನ್ನು ನಂಬಬೇಡಿ. ಹನ್ನೊಂದರ ಹುಡುಗರು ಯಾರು ಹೆಚ್ಚು ಹೊತ್ತು ನೀರೊಳಗೆ ಇರುತ್ತಾರೆ ಅಂತ ಪಂದ್ಯ ಕಟ್ಟುತ್ತಾರೆ. ಮುಳುಗುವ ಮೊದಲು ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಟ್ಟರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕೆನ್ನುವ ತುಡಿತವೇ ತಡವಾಗುತ್ತದೆ, ಅಷ್ಟರೊಳಗೆ ಪ್ರಜ್ಞೆ ತಪ್ಪುತ್ತದೆ. ಈ ಪಂದ್ಯ ಬೇಡ ಅಂತ ಬಾಯಿ ಬಿಟ್ಟು ಹೇಳಿ.

ಅಂಗಳ

ಎಲ್ಲರಿಗೂ ಧನ್ಯವಾದ. ಸ್ಕಿಪ್ಪಿಂಗ್ ಹಗ್ಗ ಅಳೆದು ನೋಡಿದೆ, ಇಬ್ಬರಿಗೂ ಉದ್ದ ಜಾಸ್ತಿಯೇ ಇತ್ತು. ಇನ್ನು ಉಳಿದದ್ದು: ಬಿಸಿಲಲ್ಲಿ ಎಷ್ಟು ನೀರು ಕುಡಿಸಬೇಕು, ಮಧ್ಯಾಹ್ನ ಮನೆಯೊಳಗೆ ಏನು ಮಾಡಿಸುವುದು, ತಾರಸಿ ಮೇಲೆ ಚೆಂಡಾಟ ಆದೀತೇ? ಮಗ ಎಲ್ಲದಕ್ಕೂ ಬೋರ್ ಅನ್ನುತ್ತಾನೆ, ಅದಕ್ಕೇನು? ಮತ್ತೆ ಮೊನ್ನೆಯಿಂದ ಅವನಿಗೆ ಓಡಿದ ಮೇಲೆ ಹಿಮ್ಮಡಿ ನೋವು.

ಪಿ.ಟಿ. ಮೇಷ್ಟ್ರು

ತಾರಸಿ ಮೇಲೆ ಚೆಂಡು ಬೇಡವೇ ಬೇಡ. ಚೆಂಡಿನ ಮೇಲೆ ಕಣ್ಣಿಟ್ಟು ಹಿಂದಕ್ಕೆ ಓಡುವ ಮಗುವಿಗೆ ಅಂಚು ಕಾಣುವುದಿಲ್ಲ. ಸ್ಕಿಪ್ಪಿಂಗ್, ದಂಡ ಪರವಾಗಿಲ್ಲ, ಅದೂ ಕಟ್ಟೆ ಮಗನ ಎದೆಮಟ್ಟಕ್ಕಿಂತ ಎತ್ತರ ಇದ್ದು, ಹತ್ತಲು ಅನುವಾಗುವ ಕುಂಡ, ಕುರ್ಚಿ ಅದರ ಬಳಿ ಇಲ್ಲದಿದ್ದರೆ ಮಾತ್ರ, ಮತ್ತು ದೊಡ್ಡವರು ಜೊತೆಗಿದ್ದಾಗ. ಕಾಂಕ್ರೀಟ್ ಹೊತ್ತು ಮುಳುಗಿದ ಮೇಲೂ ಕಾವು ಬಿಡುತ್ತಿರುತ್ತದೆ. ಹಿಂಗೈ ಒತ್ತಿ 5 ಸೆಕೆಂಡ್ ಇಡಲಾಗದಿದ್ದರೆ ಮಕ್ಕಳನ್ನು ಬಿಡಬೇಡಿ, ಅಂಗಳಕ್ಕೆ ಇಳಿಯಿರಿ.

ಹೊರಗಿನ ಆಟಕ್ಕೆ ನೆರಳೇ ಗಡಿಯಾರ. ಮಗುವಿನ ನೆರಳು ಮಗುವಿಗಿಂತ ಗಿಡ್ಡವಾದರೆ ಬಿಸಿಲು ತೀಕ್ಷ್ಣವಾಗಿದೆ ಅಂತ, ಒಳಗೆ ಬನ್ನಿ. ನೀರನ್ನು ಬಾಯಾರಿಕೆಗೆ ಕಾಯದೆ ಕೊಡಿ. 9ರಿಂದ 12 ವರ್ಷದವರಿಗೆ ಆಟದ ನಡುವೆ 20 ನಿಮಿಷಕ್ಕೊಮ್ಮೆ 100ರಿಂದ 250 ಮಿ.ಲೀ. ಚಿಕ್ಕವಳಿಗೆ ಕಡಿಮೆ, ಆದರೆ ಹೆಚ್ಚು ಸಲ. ಮೂತ್ರ ತಿಳಿಹಳದಿ ಇದ್ದರೆ ಸಾಕಾಗಿದೆ, ಗಾಢವಾಗಿದ್ದರೆ ಕಡಿಮೆಯಾಗಿದೆ. ಒಂದೇ ಸಲ ಲೀಟರುಗಟ್ಟಲೆ ಕುಡಿಸುವುದೂ ತಪ್ಪು, ರಕ್ತದ ಸೋಡಿಯಂ ಇಳಿಯುತ್ತದೆ.

ಸೆಕೆಗೆ ದೇಹ ಪಳಗಲು 10ರಿಂದ 14 ದಿನ ಬೇಕು, ಮೊದಲ ವಾರ ಎಲ್ಲವೂ ಅರ್ಧ ಇರಲಿ. ತಲೆನೋವು, ವಾಕರಿಕೆ, ವಿಪರೀತ ಬೆವರು, ಕಾಲು ಸೆಳೆತ ಕಂಡರೆ ಆಟ ನಿಲ್ಲಿಸಿ ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಗುಟುಕು ಗುಟುಕಾಗಿ ನೀರು ಕೊಡಿ. ಮಗು ಏನೇನೋ ಮಾತಾಡುತ್ತಿದೆ, ತೂರಾಡುತ್ತಿದೆ, ಮೈ ಕೆಂಡದಂತಿದೆ ಅಂದರೆ ಅದು ಬಿಸಿಲಾಘಾತ. ಆಂಬುಲೆನ್ಸ್ ಕರೆಯಿರಿ, ಅದು ಬರುವವರೆಗೂ ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ಇರಿ. ಎಚ್ಚರ ಸರಿಯಿಲ್ಲದ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ.

ಮಧ್ಯಾಹ್ನ ಮನೆಯೊಳಗೆ ಅಡೆತಡೆ ಓಟ ಮಾಡಿ. ನೆಲಕ್ಕೆ 3 ಮೀಟರ್ ಕಾಗದದ ಟೇಪ್ ಅಂಟಿಸಿ, ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಕಾಲ್ಬೆರಳಿಗೆ ತಾಗಿಸಿಕೊಂಡು ಅದರ ಮೇಲೆ ನಡಿಗೆ. ಮುಂದೆ ಎರಡು ಕುರ್ಚಿಗಳ ಕೆಳಗೆ ತೆವಳುವುದು. ಆಮೇಲೆ 40 ಸೆಂ.ಮೀ. ಅಂತರದಲ್ಲಿ ಅಂಟಿಸಿದ ನಾಲ್ಕು ಟೇಪ್ ಗೆರೆಗಳ ಮೇಲೆ ಜೋಡಿಗಾಲಲ್ಲಿ ಹಾರುವುದು, ಕೊನೆಗೆ ಮಂಡಿ ನೆಲಕ್ಕೆ ತಾಗದಂತೆ ಕರಡಿ ನಡಿಗೆಯಲ್ಲಿ ವಾಪಸ್. ಕರಡಿ ನಡಿಗೆ ನೋಡಲು ಮೋಜು, ಭುಜಕ್ಕೂ ಹೊಟ್ಟೆಗೂ ಒಳ್ಳೆಯ ಕೆಲಸ. ಬರಿಗಾಲಲ್ಲೇ ಆಡಲಿ, ನಯವಾದ ನೆಲದ ಮೇಲೆ ಕಾಲುಚೀಲ ಜಾರುತ್ತದೆ. ದಿಂಬಿನ ಮೇಲೆ ಹಾರಿಸುವುದೂ ಬೇಡ, ಅದೂ ಜಾರುತ್ತದೆ. 7-8 ನಿಮಿಷ, ಎರಡು ಸಲ.

ಬೋರ್ ಅನ್ನುವ ಮಗನಿಗೆ ಟೇಪ್ ಸುರುಳಿಯನ್ನೇ ಕೊಟ್ಟುಬಿಡಿ. ನಾಳೆಯ ಹಾದಿಯನ್ನು ಅವನು ಹಾಕಲಿ, ತಂಗಿಗೆ ಯಾವುದು ಆಗುತ್ತದೆ, ಯಾವುದು ಆಗದು ಅಂತ ಅವನೇ ನೋಡಲಿ. "ಆಡ್ತೀಯಾ?" ಅಂದರೆ "ಇಲ್ಲ" ಬರುತ್ತದೆ, "ಮೊದಲು ಉಂಡೆ ಓಟವಾ, ಸೈಕಲ್ಲಾ?" ಅಂದರೆ ಒಂದನ್ನು ಆರಿಸುತ್ತಾನೆ. ಒಬ್ಬ ಗೆಳೆಯ ಸಿಕ್ಕಿದರೆ ಇದ್ಯಾವುದೂ ಬೇಕಾಗದು. ದಯವಿಟ್ಟು ತಪ್ಪಿಗೆ ಶಿಕ್ಷೆಯಾಗಿ ಬಸ್ಕಿ ಹೊಡೆಸಬೇಡಿ, ದಪ್ಪಗಾಗಿದ್ದೀಯ ಅಂತ ಹಂಗಿಸಬೇಡಿ. ಆಟವನ್ನು ದಂಡನೆ ಮಾಡಿದರೆ ಮಗು ದೊಡ್ಡವನಾದ ಮೇಲೂ ಮೈದಾನದಿಂದ ದೂರವೇ ಉಳಿಯುತ್ತದೆ.

ಮಕ್ಕಳ ಫಿಸಿಯೊ

ಹಿಮ್ಮಡಿ ನೋವಿನ ಬಗ್ಗೆ. ಆ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಬೆಳವಣಿಗೆಯ ಪದರವನ್ನು ಮೀನಖಂಡದ ಸ್ನಾಯು ಎಳೆಯುವುದರಿಂದ ನೋವು ಬರುವುದು ಸಾಮಾನ್ಯ. ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲೂ ಇಂಥದ್ದೇ ನೋವು ಬರುತ್ತದೆ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಬೆರಳಲ್ಲಿ ಒತ್ತಿ ನೋಡಿ, ಅಲ್ಲೇ ನೋವು ಅಂದರೆ ಬಹುಪಾಲು ಇದೇ. ಅದಕ್ಕಾಗಿ ಹಾಸಿಗೆ ಹಿಡಿಸಬೇಕಿಲ್ಲ. ಓಟ, ಹಗ್ಗ ನಿಲ್ಲಿಸಿ, ಸೈಕಲ್ ಮತ್ತು ಈಜು ಮುಂದುವರಿಸಿ. ಸವೆದ ಚಪ್ಪಲಿ ಬಿಟ್ಟು ಹಿಮ್ಮಡಿಯಲ್ಲಿ ಮೆತ್ತೆ ಇರುವ ಬೂಟು ಹಾಕಿಸಿ. ಆಟದ ನಂತರ ಬಟ್ಟೆ ಸುತ್ತಿದ ಐಸ್ 10 ನಿಮಿಷ. ಗೋಡೆಗೆ ಕೈಯಿಟ್ಟು, ಹಿಂದಿನ ಕಾಲಿನ ಹಿಮ್ಮಡಿ ನೆಲಕ್ಕೆ ಊರಿ 30 ಸೆಕೆಂಡ್ ಮೀನಖಂಡ ಚಾಚಲಿ, ಪ್ರತಿ ಕಾಲಿಗೆ ಮೂರು ಸಲ, ನೋವಾಗದಷ್ಟೇ. ಕುಂಟುತ್ತಿದ್ದರೆ, ಊತ ಇದ್ದರೆ, ಜ್ವರ ಇದ್ದರೆ ಅಥವಾ ರಾತ್ರಿ ನೋವಿಗೆ ಎಚ್ಚರವಾದರೆ ವೈದ್ಯರಿಗೆ ತೋರಿಸಿ.

ನೋವಿಲ್ಲದೆ ಒಂಟಿ ಕಾಲಲ್ಲಿ 10 ಸಲ ಕುಪ್ಪಳಿಸಲು ಆದ ದಿನ ಹಗ್ಗ ವಾಪಸ್ ಕೊಡಿ, ಮತ್ತೆ 20 ಸೆಕೆಂಡಿನಿಂದಲೇ ಶುರು.